ರೀಸ್ಲಿಂಗ್ ವೈನ್ ಮಾಡೋರ ಸಮಾವೇಶಕ್ಕೆ ಮೊದಲ ಸಲ ಹೋಗ್ತಿದ್ದೀನಿ, ಮೂರು ದಿನ ನಾಲಿಗೆ ಉಳಿಸ್ಕೊಳ್ಳೋದು ಹೇಗೆ?

ಹೊಸಗ್ಲಾಸು:

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ರೀಸ್ಲಿಂಗ್ ದ್ರಾಕ್ಷಿಯಿಂದ ವೈನ್ ಮಾಡೋರೇ ಸೇರೋ ಒಂದು ಅಂತಾರಾಷ್ಟ್ರೀಯ ಸಮಾವೇಶಕ್ಕೆ ಹೋಗೋ ಅವಕಾಶ ಸಿಕ್ಕಿದೆ. ಮೂರು ದಿನ. ಜರ್ಮನಿ, ಫ್ರಾನ್ಸಿನ ಅಲ್ಸಾಸ್, ಆಸ್ಟ್ರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ, ಕೆನಡಾ, ಇಷ್ಟೂ ಕಡೆಯಿಂದ ತಯಾರಕರು ತಮ್ಮ ಬಾಟಲಿ ಹಿಡ್ಕೊಂಡು ಬರ್ತಾರಂತೆ. ಮೊದಲ ದಿನ ದೊಡ್ಡ ಹಾಲ್‌ನಲ್ಲಿ ಟೇಬಲ್ ಟೇಬಲ್‌ಗೂ ಹೋಗಿ ರುಚಿ ನೋಡೋದು, ಎರಡನೇ ದಿನ ಬೆಳಿಗ್ಗೆ ಹೆಸರು ಮುಚ್ಚಿಟ್ಟು ಬ್ಲೈಂಡ್ ಟೇಸ್ಟಿಂಗ್, ಮೂರನೇ ದಿನ ಹಳೇ ವರ್ಷದ ವೈನ್‌ಗಳು ಮತ್ತೆ ಚರ್ಚೆ.

ನಾನು ಒಂದು ರೆಸ್ಟೋರೆಂಟ್‌ನಲ್ಲಿ ವೈನ್ ಸರ್ವಿಸ್ ನೋಡ್ಕೊಳ್ತೀನಿ, ನಾಲ್ಕು ವರ್ಷ ಆಯ್ತು. ರೀಸ್ಲಿಂಗ್ ಅಂದ ತಕ್ಷಣ ಹತ್ತರಲ್ಲಿ ಎಂಟು ಜನ "ಅಯ್ಯೋ ಅದು ಸಿಹಿ ಅಲ್ವಾ, ಬೇಡ" ಅಂತಾರೆ, ಉಳಿದ ಇಬ್ಬರು "ಸಿಹಿ ಇರೋದೇ ಕೊಡಿ" ಅಂತಾರೆ, ಡ್ರೈ, ಅಂದ್ರೆ ಸಿಹಿ ಇಲ್ಲದ ಬಾಟಲಿ ತೆಗೆದು ಕೊಟ್ರೆ ಅವ್ರಿಗೆ ಬೇಜಾರು. ಈ ದ್ರಾಕ್ಷಿ ನಂಗೆ ನಿಜವಾಗ್ಲೂ ತುಂಬಾ ಇಷ್ಟ, ಆದ್ರೆ ಯಾಕಿಷ್ಟ ಅಂತ ಟೇಬಲ್ ಹತ್ರ ನಿಂತು ಎರಡು ಮಾತಲ್ಲಿ ಹೇಳೋಕೆ ಇವತ್ತಿಗೂ ಬರಲ್ಲ. ಈ ಸಮಾವೇಶದಿಂದ ಅದನ್ನ ಕಲ್ತು ಬರ್ಬೇಕು ಅಂತ ಆಸೆ.

ನನ್ನ ಪ್ರಶ್ನೆಗಳು: ಒಂದು ದಿನಕ್ಕೆ ಎಷ್ಟು ವೈನ್ ರುಚಿ ನೋಡಿದ್ರೆ ನಿಜವಾಗ್ಲೂ ನೆನಪಲ್ಲಿ ಉಳಿಯತ್ತೆ? ಡ್ರೈ, ಸಿಹಿ, ಹಳೇದು ಇವನ್ನ ಯಾವ ಕ್ರಮದಲ್ಲಿ ನೋಡ್ಬೇಕು? ತಯಾರಕರ ಎದುರು ನಿಂತಾಗ ಏನು ಕೇಳ್ಬೇಕು? ಅವ್ರು ಇಡೀ ಜೀವನ ಒಂದೇ ದ್ರಾಕ್ಷಿಗೆ ಕೊಟ್ಟವ್ರು, "ತುಂಬಾ ಚೆನ್ನಾಗಿದೆ" ಅಂತ ಹೇಳಿ ಮುಂದಿನ ಟೇಬಲ್‌ಗೆ ಹೋಗೋಕೆ ಮನಸ್ಸು ಬರಲ್ಲ.

ಬಳ್ಳಿಸಾಲು:

ಅಭಿನಂದನೆಗಳು, ಖಂಡಿತ ಹೋಗಿ. ನಾನು ಇಂಥ ಮೂರು ಸಭೆಗಳಿಗೆ ಹೋಗಿದ್ದೀನಿ, ಮೊದಲನೇದ್ರಲ್ಲಿ ಮಾಡಿದ ತಪ್ಪಿಂದ ಶುರು ಮಾಡ್ತೀನಿ. ಬೆಳಿಗ್ಗೆ ಬಾಗಿಲ ಹತ್ರದ ಟೇಬಲ್‌ನಿಂದ ಹಿಡಿದು ಒಂದನ್ನೂ ಬಿಡದೆ ಸಾಲಾಗಿ ಹೋದೆ, ಮಧ್ಯಾಹ್ನ ಹನ್ನೆರಡಕ್ಕೆ ಎಪ್ಪತ್ತು ವೈನ್ ಆಗಿತ್ತು. ಸಂಜೆ ಪುಸ್ತಕ ತೆಗೆದು ನೋಡಿದ್ರೆ ಮೂವತ್ತರಿಂದ ಆಚೆಗೆ ಎಲ್ಲದಕ್ಕೂ "ನಿಂಬೆ, ಹುಳಿ ಜೋರು" ಅಂತಷ್ಟೇ ಬರೆದಿದ್ದೆ. ಅದು ವೈನ್ ತಪ್ಪಲ್ಲ, ನನ್ನ ನಾಲಿಗೆ ಅಷ್ಟೊತ್ತಿಗೆ ಸೋತಿತ್ತು.

ಈಗ ದಿನಕ್ಕೆ ಮೂವತ್ತೈದು, ಹೆಚ್ಚಂದ್ರೆ ನಲವತ್ತು, ಅಲ್ಲಿಗೆ ನಿಲ್ಲಿಸ್ತೀನಿ. ಪ್ರತಿಯೊಂದನ್ನೂ ಉಗೀಬೇಕು, ಇದ್ರಲ್ಲಿ ಸಂಕೋಚ ಬೇಡವೇ ಬೇಡ, ಅಲ್ಲಿ ತಯಾರಕರೇ ಎಲ್ರಿಗಿಂತ ಚೆನ್ನಾಗಿ ಉಗೀತಾರೆ. ಉಗಿದ್ರೂ ಸ್ವಲ್ಪ ಆಲ್ಕೋಹಾಲ್ ಮೈಗೆ ಹೋಗೇ ಹೋಗತ್ತೆ, ಅದಕ್ಕೆ ನೀರು ಕುಡೀತಾ ಇರಿ, ಖಾಲಿ ಹೊಟ್ಟೇಲಿ ಹೋಗ್ಬೇಡಿ. ಆ ದಿನ ಸೆಂಟ್ ಹಾಕ್ಕೋಬೇಡಿ, ಪಕ್ಕದಲ್ಲಿ ನಿಂತವ್ರ ಮೂಗಿಗೂ ತೊಂದ್ರೆ.

ಕ್ರಮ ಅಂದ್ರೆ ಡ್ರೈ ಮೊದಲು, ಸಿಹಿ ಆಮೇಲೆ. ಇದೊಂದನ್ನ ಮಾತ್ರ ಮೀರ್ಬೇಡಿ. ಔಸ್‌ಲೇಸೆ ಅನ್ನೋ ಚೆನ್ನಾಗಿ ಮಾಗಿದ ಹಣ್ಣಿನ ಸಿಹಿ ವೈನ್ ಒಂದು ಗುಟುಕು ಆದ್ಮೇಲೆ ಡ್ರೈ ವೈನ್ ಬಾಯಿಗೆ ಹಾಕ್ಕೊಂಡ್ರೆ ಅದು ಬರೀ ಹುಳಿ ನೀರಿನ ಥರ ಕಾಣ್ಸತ್ತೆ, ಪಾಪ ಮಾಡಿದವ್ರಿಗೆ ಅನ್ಯಾಯ. ಅದಕ್ಕೆ ಹಾಲ್ ಒಳಗೆ ಎರಡು ಸುತ್ತು ಹಾಕಿ, ಒಂದು ಸುತ್ತು ಪೂರ್ತಿ ಡ್ರೈ, ಊಟ ಆದ್ಮೇಲೆ ಇನ್ನೊಂದು ಸುತ್ತು ಸಿಹಿ ಇರೋವು. ಒಂದೇ ಟೇಬಲ್‌ಗೆ ಎರಡು ಸಲ ಹೋದ್ರೆ ಯಾರೂ ಏನೂ ಅನ್ಕೊಳಲ್ಲ, ನಿಜ ಹೇಳ್ಬೇಕಂದ್ರೆ ಎರಡನೇ ಸಲ ಬಂದವ್ರ ಹತ್ರಾನೇ ಅವ್ರು ಮನಸ್ಸು ಬಿಚ್ಚಿ ಮಾತಾಡೋದು.

ಇನ್ನು ಸಿಹಿ ವಿಷಯ. ನಿಮ್ಮ ಗಿರಾಕಿಗಳ ತಪ್ಪೂ ಅಲ್ಲ ಅದು. ಕಳೆದ ಶತಮಾನದಲ್ಲಿ ಲೀಬ್‌ಫ್ರೌಮಿಲ್ಶ್ ಅನ್ನೋ ಹೆಸರಲ್ಲಿ ಅಗ್ಗದ ಸಿಹಿ ಜರ್ಮನ್ ವೈನ್ ಪ್ರಪಂಚಕ್ಕೆಲ್ಲ ಹರಿದು ಹೋಯ್ತು, ಅದ್ರಲ್ಲಿ ಹೆಚ್ಚಿನ ಪಾಲು ಮ್ಯುಲರ್ ಥುರ್ಗೌ ಥರದ ಬೇರೆ ದ್ರಾಕ್ಷಿ, ಆದ್ರೆ ಹೆಸರು ಕೆಟ್ಟಿದ್ದು ರೀಸ್ಲಿಂಗ್‌ದು. ನಾನು ಕಲಿತಿದ್ದು ಏನಂದ್ರೆ ರೀಸ್ಲಿಂಗ್‌ನಲ್ಲಿ ಸಕ್ಕರೆ ಎಷ್ಟಿದೆ ಅಂತ ಒಂದನ್ನೇ ಕೇಳಿದ್ರೆ ಏನೂ ತಿಳಿಯಲ್ಲ, ಅದ್ರ ಜೊತೆ ಹುಳಿ ಎಷ್ಟಿದೆ ಅಂತಾನೂ ಕೇಳ್ಬೇಕು. ಲೀಟರಿಗೆ 8 ಗ್ರಾಂ ಸಕ್ಕರೆ ಇರೋ ವೈನ್ ಕಲ್ಲಿನ ಹಾಗೆ ಡ್ರೈ ಅನ್ನಿಸ್ಬಹುದು, ಹುಳಿ ಕಮ್ಮಿ ಇದ್ರೆ ಅಷ್ಟೇ ಸಕ್ಕರೆ ಸಿಹಿಯಾಗಿ ಜಿಡ್ಡು ಜಿಡ್ಡಾಗಿ ಕೂತ್ಕೊಳ್ಳತ್ತೆ. ಜರ್ಮನಿಯ ಟ್ರೋಕನ್ ಅಂದ್ರೆ ಡ್ರೈ ಅನ್ನೋ ಲೇಬಲ್ ನಿಯಮದಲ್ಲೇ ಇದು ಸೇರ್ಕೊಂಡಿದೆ, ಲೀಟರಿಗೆ 9 ಗ್ರಾಂ ಸಕ್ಕರೆವರೆಗೂ ಒಪ್ತಾರೆ, ಆದ್ರೆ ಹುಳಿ ಸಕ್ಕರೆಗಿಂತ 2 ಗ್ರಾಂಗಿಂತ ಜಾಸ್ತಿ ಹಿಂದೆ ಬೀಳ್ಬಾರ್ದು.

ನೆಲಮಾಳಿಗೆ:

ಎಲ್ರೂ ಮರೆಯೋದು ಹಲ್ಲು. ರೀಸ್ಲಿಂಗ್ ಪಿಹೆಚ್ (ಹುಳಿ ಎಷ್ಟು ಚುರುಕು ಅನ್ನೋ ಅಳತೆ, ನಂಬರ್ ಕಮ್ಮಿ ಇದ್ದಷ್ಟೂ ಹುಳಿ ಜೋರು) ಸಾಮಾನ್ಯವಾಗಿ 3ರ ಆಸುಪಾಸು ಇರತ್ತೆ, ದಿನಕ್ಕೆ ನಲವತ್ತು ಸಲ ಅದನ್ನ ಬಾಯಲ್ಲಿ ಮುಕ್ಕಳಿಸ್ತೀರ. ಮೂರನೇ ದಿನಕ್ಕೆ ತಣ್ಣೀರು ಕುಡಿದ್ರೂ ಹಲ್ಲು ಜುಂ ಅನ್ನತ್ತೆ. ಹುಳಿ ತಾಗಿದ ಮೇಲೆ ಹಲ್ಲಿನ ಮೇಲ್ಪದರ ಸ್ವಲ್ಪ ಹೊತ್ತು ಮೆತ್ತಗಾಗಿರತ್ತೆ, ಆಗ ಬ್ರಶ್ ಮಾಡಿದ್ರೆ ಸವೆಯತ್ತೆ. ಅದಕ್ಕೆ ಟೇಸ್ಟಿಂಗ್ ಮುಗಿದ ಕೂಡ್ಲೇ ರೂಮಿಗೆ ಓಡಿ ಹಲ್ಲುಜ್ಜಬೇಡಿ, ನೀರಲ್ಲಿ ಬಾಯಿ ಮುಕ್ಕಳಿಸಿ ಒಂದು ಗಂಟೆ ಬಿಡಿ. ಬೆಳಿಗ್ಗೆ ಹೋಗೋ ಮುಂಚೆನೂ ಸಾಕಷ್ಟು ಮೊದಲೇ ಬ್ರಶ್ ಮುಗಿಸಿ, ಪೇಸ್ಟ್‌ನ ಪುದೀನ ರುಚಿ ಬಾಯಲ್ಲಿ ಉಳ್ಕೊಂಡ್ರೆ ಮೊದಲ ಐದಾರು ವೈನ್ ವೇಸ್ಟ್.

ತಿರುಪುಮುಚ್ಚಳ:

ನಾನು ವೈನ್ ಲ್ಯಾಬ್‌ನಲ್ಲಿ ಕೆಲ್ಸ ಮಾಡೋದು, ವಾಸನೆ ಬಗ್ಗೆ ಸ್ವಲ್ಪ ಹೇಳ್ತೀನಿ ಯಾಕಂದ್ರೆ ಅಲ್ಲಿ ಎಲ್ರೂ ಅದ್ನೇ ಮಾತಾಡ್ತಿರ್ತಾರೆ. ಸೀಮೆಎಣ್ಣೆ ವಾಸನೆ, ಇಂಗ್ಲಿಷ್‌ನೋರು ಪೆಟ್ರೋಲ್ ಅಂತಾರೆ. ಇದು ಟಿಡಿಎನ್ ಅನ್ನೋ ಒಂದು ಅಣುವಿನಿಂದ ಬರೋದು. ಕ್ಯಾರೆಟ್‌ಗೆ ಬಣ್ಣ ಕೊಡತ್ತಲ್ಲ, ಕೆರೋಟಿನಾಯ್ಡ್, ಅದೇ ಗುಂಪಿನ ವಸ್ತು ದ್ರಾಕ್ಷಿ ಸಿಪ್ಪೇಲೂ ಇರತ್ತೆ, ಅದು ಒಡೆದು ಬೇರೆ ರೂಪದಲ್ಲಿ ಅಡಗಿ ಕೂತಿರತ್ತೆ, ವೈನ್ ಬಾಟಲಿಯಲ್ಲಿ ಹಳೇದಾಗ್ತಾ ಹುಳಿ ಅದನ್ನ ನಿಧಾನಕ್ಕೆ ಟಿಡಿಎನ್ ಆಗಿ ಬಿಡುಗಡೆ ಮಾಡತ್ತೆ. ಗೊಂಚಲಿಗೆ ಬಿಸಿಲು ಜಾಸ್ತಿ ಬಿದ್ದಷ್ಟೂ ಇದು ಜಾಸ್ತಿ. ಲೀಟರಿಗೆ 2 ಮೈಕ್ರೋಗ್ರಾಂ ಆಸುಪಾಸು ಇದ್ರೂ ಸಾಕು, ಮೂಗಿಗೆ ಗೊತ್ತಾಗತ್ತೆ.

ಇದು ದೋಷನಾ ಗುಣನಾ ಅನ್ನೋದ್ರ ಮೇಲೆ ತಯಾರಕರಲ್ಲೇ ಒಮ್ಮತ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಹದಿನೈದು ವರ್ಷದ ವೈನಲ್ಲಿ ಜೇನು, ಒಣಗಿದ ಏಪ್ರಿಕಾಟ್ ಜೊತೆ ಸಣ್ಣಗೆ ಬಂದ್ರೆ ಅದಕ್ಕಿಂತ ಚಂದ ಇನ್ನೊಂದಿಲ್ಲ, ಎರಡೇ ವರ್ಷದ ವೈನಲ್ಲಿ ಬೇರೆಲ್ಲ ಮುಚ್ಚಿಹೋಗೋ ಹಾಗೆ ಬಂದ್ರೆ ತೋಟದಲ್ಲಿ ಎಲೆ ಜಾಸ್ತಿ ಕಿತ್ತು ಹಣ್ಣನ್ನ ಬಿಸಿಲಿಗೆ ಬಿಟ್ಟಿರ್ಬಹುದು ಅಂತ ಅನುಮಾನ ಬರತ್ತೆ. ಇನ್ನೊಂದು, ಕಾರ್ಕ್ ಈ ಟಿಡಿಎನ್‌ನ ಸ್ವಲ್ಪ ಹೀರ್ಕೊಳ್ಳತ್ತೆ, ತಿರುಪು ಮುಚ್ಚಳ ಹೀರಲ್ಲ. ಹಾಗಾಗಿ ಒಂದೇ ವೈನ್ ಎರಡು ಥರ ಮುಚ್ಚಳದಲ್ಲಿ ವರ್ಷಗಟ್ಟಲೆ ಇಟ್ರೆ ವಾಸನೆಯಲ್ಲಿ ವ್ಯತ್ಯಾಸ ಬರತ್ತೆ. ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿಯವ್ರು 2000ನೇ ಇಸವಿಯ ಫಸಲಿನಿಂದ ಒಟ್ಟಾಗಿ ರೀಸ್ಲಿಂಗ್‌ಗೆ ತಿರುಪು ಮುಚ್ಚಳ ಹಾಕೋಕೆ ಶುರು ಮಾಡಿದ್ರು, ಅವ್ರ ಟೇಬಲ್‌ನಲ್ಲಿ ಹಳೇ ಬಾಟಲಿ ಕಂಡ್ರೆ ಬಿಡ್ಬೇಡಿ.

ಜರ್ಮನಿಯ ಮೋಸೆಲ್ ನದಿ ಕಡೆಯ ಎಳೇ ವೈನಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ, ಗಂಧಕದ ಥರ ವಾಸನೆ ಬಂದ್ರೆ ಅದು ಸೀಮೆಎಣ್ಣೆ ಅಲ್ಲ, ಇವೆರಡನ್ನ ತುಂಬಾ ಜನ ಕಲಸ್ಕೊಳ್ತಾರೆ. ಅಂಗಡಿಯ ಈಸ್ಟ್ ಹಾಕದೆ ತನ್ನಷ್ಟಕ್ಕೆ ಹುದುಗೋಕೆ ಬಿಟ್ಟ ವೈನ್‌ಗಳಲ್ಲಿ ಮೊದಮೊದಲು ಹೀಗೆ ಬರೋದುಂಟು. ಗ್ಲಾಸ್ ಚೆನ್ನಾಗಿ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ, ಒಳಗಿಂದ ಹಣ್ಣು ಬರತ್ತೆ.

ಹೊಸಗ್ಲಾಸು:

ಎಲ್ಲರ ಉತ್ತರ ಎರಡೆರಡು ಸಲ ಓದಿದೆ, ತುಂಬಾ ಥ್ಯಾಂಕ್ಸ್. ಬಳ್ಳಿಸಾಲು ಸರ್, ಸಕ್ಕರೆ ಹುಳಿ ಎರಡನ್ನೂ ಕೇಳ್ಬೇಕು ಅಂದ್ರಿ, ಕೇಳಿದ್ಮೇಲೆ ಆ ನಂಬರ್ ಇಟ್ಕೊಂಡು ಏನು ಮಾಡ್ಬೇಕು? ಕೆಲವು ಬಾಟಲಿ ಹಿಂದೆ ಡ್ರೈಯಿಂದ ಸ್ವೀಟ್‌ವರೆಗೆ ಒಂದು ಗೆರೆ ಎಳೆದು ಬಾಣ ತೋರ್ಸಿರ್ತಾರೆ, ಅದು ಯಾರೋ ಕುಡಿದು ನೋಡಿ ಅಂದಾಜಲ್ಲಿ ಹಾಕೋದಾ?

ಬಳ್ಳಿಸಾಲು:

ಅಂದಾಜಲ್ಲ, ಲೆಕ್ಕ ಇದೆ. ಇಂಟರ್‌ನ್ಯಾಷನಲ್ ರೀಸ್ಲಿಂಗ್ ಫೌಂಡೇಶನ್ ಅನ್ನೋ ಸಂಸ್ಥೆ ಮಾಡಿದ ಅಳತೆ ಅದು. ಸಕ್ಕರೆಯನ್ನ ಹುಳಿಯಿಂದ ಭಾಗಿಸಿ. ಉತ್ತರ 1ಕ್ಕಿಂತ ಕಮ್ಮಿ ಬಂದ್ರೆ ಡ್ರೈ, 1ರಿಂದ 2 ಮೀಡಿಯಂ ಡ್ರೈ, 2 ದಾಟಿ 4ರವರೆಗೆ ಮೀಡಿಯಂ ಸ್ವೀಟ್, 4ರ ಮೇಲೆ ಸ್ವೀಟ್. ಆಮೇಲೆ ಪಿಹೆಚ್ ನೋಡಿ ಒಂದು ಮೆಟ್ಟಿಲು ಆಚೀಚೆ ಮಾಡ್ತಾರೆ. ಉದಾಹರಣೆಗೆ ಸಕ್ಕರೆ 24 ಗ್ರಾಂ, ಹುಳಿ 8 ಗ್ರಾಂ ಅಂದ್ರೆ 3 ಬಂತು, ಮೀಡಿಯಂ ಸ್ವೀಟ್. ಆದ್ರೆ ಪಿಹೆಚ್ 2.9ರಷ್ಟು ಕೆಳಗಿದ್ರೆ ಅದನ್ನ ಮೀಡಿಯಂ ಡ್ರೈ ಅಂತ ಇಳಿಸ್ತಾರೆ, 3.3 ಇದ್ರೆ ಸ್ವೀಟ್‌ಗೆ ಏರಿಸ್ತಾರೆ. ಒಂದೇ ಸಕ್ಕರೆ, ಒಂದೇ ಹುಳಿ, ಮೂರು ಬೇರೆ ಬೇರೆ ರುಚಿ. ಹುಳಿಯ ಗ್ರಾಂ ಲೆಕ್ಕ ಒಂದು, ಅದು ನಾಲಿಗೆಗೆ ಎಷ್ಟು ಚುರುಕಾಗಿ ತಾಗತ್ತೆ ಅನ್ನೋದು ಇನ್ನೊಂದು, ಅದಕ್ಕೇ ಪಿಹೆಚ್ ಬೇಕು.

ಟೇಬಲ್ ಮೇಲೆ ತಾಂತ್ರಿಕ ಹಾಳೆ ಇಟ್ಟಿರ್ತಾರೆ, ಅದ್ರಲ್ಲಿ ಮೂರೂ ನಂಬರ್ ಇರತ್ತೆ. ಆದ್ರೆ ಮೊದಲು ಕುಡಿದು ನಿಮ್ಮ ಊಹೆ ಬರೀರಿ, ಆಮೇಲೆ ಹಾಳೆ ನೋಡಿ. ಇಪ್ಪತ್ತು ವೈನ್ ಹೀಗೆ ಮಾಡಿದ್ರೆ ನಾಲಿಗೆಗೆ ಒಂದು ತಕ್ಕಡಿ ಸಿಕ್ಕ ಹಾಗೆ.

ಇಳಿಜಾರು:

ಮೇಲಿನವ್ರು ನಾಲಿಗೆ ಮೂಗು ಎರಡೂ ನೋಡ್ಕೊಂಡ್ರು, ನಾನು ನಿಮ್ಮ ಮೂರನೇ ಪ್ರಶ್ನೆಗೆ ಬರ್ತೀನಿ, ತಯಾರಕರನ್ನ ಏನು ಕೇಳೋದು ಅಂತ. ನಂಗೆ ಅದೇ ಮುಖ್ಯ ಅನ್ಸತ್ತೆ, ಯಾಕಂದ್ರೆ ಬಾಟಲಿ ಎಲ್ಲಾದ್ರೂ ಸಿಗತ್ತೆ, ಅದನ್ನ ಮಾಡಿದ ಕೈ ಎದುರಿಗೆ ಸಿಗೋದು ಇಂಥ ಕಡೆ ಮಾತ್ರ.

ಸ್ವಲ್ಪ ಹಿನ್ನೆಲೆ ತಿಳ್ಕೊಂಡು ಹೋಗಿ. ರೀಸ್ಲಿಂಗ್ ಹೆಸರು ಕಾಗದದ ಮೇಲೆ ಮೊದಲು ಕಾಣ್ಸೋದು 1435ರ ಮಾರ್ಚ್ 13ರಂದು, ಜರ್ಮನಿಯ ರೂಸೆಲ್ಸ್‌ಹೈಮ್‌ನಲ್ಲಿ, ಕಾಟ್ಸೆನ್‌ಎಲ್ನ್‌ಬೋಗನ್ ಮನೆತನದ ಕೌಂಟ್‌ನ ಲೆಕ್ಕದ ಪುಸ್ತಕದಲ್ಲಿ, ತೋಟಕ್ಕೆ ರೀಸ್ಲಿಂಗ್ ಸಸಿ ತಂದಿದ್ದಕ್ಕೆ 22 ಶಿಲ್ಲಿಂಗ್ ಖರ್ಚು ಅಂತ. ಒಂದು ಖರ್ಚಿನ ಸಾಲು ಅಷ್ಟೇ, ಆದ್ರೆ ಅದನ್ನ ಓದಿದಾಗ ನಂಗೆ ಮೈ ಜುಮ್ಮಂದಿತ್ತು. ರೈನ್‌ಗೌ ಪ್ರದೇಶದ ಶ್ಲೋಸ್ ಯೊಹಾನಿಸ್‌ಬರ್ಗ್ ಎಸ್ಟೇಟ್‌ನವ್ರು 1720ರಲ್ಲಿ ಗುಡ್ಡದ ತುಂಬಾ ರೀಸ್ಲಿಂಗನ್ನೇ ನೆಟ್ರು. ಅಲ್ಲಿ ಕೊಯ್ಲು ಶುರು ಮಾಡೋಕೆ ದೂರದ ಫುಲ್ಡಾದಲ್ಲಿದ್ದ ಮಠಾಧಿಪತಿಯ ಅನುಮತಿ ಬೇಕಿತ್ತಂತೆ, 1775ರಲ್ಲಿ ಅನುಮತಿ ತರೋ ಕುದುರೆ ಸವಾರ ತಡ ಮಾಡ್ಬಿಟ್ಟ, ಹಣ್ಣು ಬಳ್ಳೀಲೇ ಕೊಳೆಯೋಕೆ ಶುರುವಾಯ್ತು, ಬೇರೆ ದಾರಿ ಇಲ್ದೆ ಅದನ್ನೇ ಕಿತ್ತು ವೈನ್ ಮಾಡಿದ್ರು, ಅದು ಅದ್ಭುತವಾಗಿ ಬಂತು ಅಂತ ಕಥೆ. ತಡವಾದ ಕೊಯ್ಲು ಅನ್ನೋದಕ್ಕೆ ಅವ್ರ ಭಾಷೇಲಿ ಸ್ಪೇಟ್‌ಲೇಸೆ ಅಂತಾರೆ, ಆ ಸವಾರನ ಪ್ರತಿಮೆ ಇವತ್ತೂ ಆ ಅಂಗಳದಲ್ಲಿದೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ಇದಿರ್ಲಿ: ಯಾವತ್ತು ಕೊಯ್ದ್ರಿ, ಆ ದಿನಾನೇ ಯಾಕೆ? ಮಾಮೂಲಿ ಪ್ರಶ್ನೆ ಥರ ಕಾಣ್ಸತ್ತೆ, ಆದ್ರೆ ರೀಸ್ಲಿಂಗ್ ಮಾಡೋರ ಮುಖ ಅಲ್ಲೇ ಅರಳೋದು. ಒಂದು ವಾರ ಮುಂಚೆ ಕೊಯ್ದ್ರೆ ಹುಳಿ ಜೋರು, ಹಸಿರು ಸೇಬಿನ ಕಡೆ; ಒಂದು ವಾರ ಬಿಟ್ರೆ ಪೀಚ್, ಏಪ್ರಿಕಾಟ್, ಆದ್ರೆ ಮಳೆ ಬಂದ್ರೆ ಎಲ್ಲ ಹೋಯ್ತು. ಎರಡನೇ ಪ್ರಶ್ನೆ: ಹುದುಗೋದನ್ನ ನೀವು ನಿಲ್ಲಿಸಿದ್ರಾ, ಅದೇ ನಿಂತುಕೊಳ್ತಾ? ಕೆಲವ್ರು ಟ್ಯಾಂಕನ್ನ ತಂಪು ಮಾಡಿ, ಗಂಧಕ ಹಾಕಿ, ಸೋಸಿ ನಿಲ್ಲಿಸ್ತಾರೆ. ಮೋಸೆಲ್‌ನ ಹಳೇ ನೆಲಮಾಳಿಗೆಗಳಲ್ಲಿ ಫೂಡರ್ ಅಂತ ಸಾವಿರ ಲೀಟರ್ ಆಸುಪಾಸಿನ ಮರದ ಪೀಪಾಯಿ ಇರತ್ತೆ, ಚಳಿಗಾಲ ಬಂದ್ರೆ ಒಳಗಿನ ಈಸ್ಟ್ ಸುಸ್ತಾಗಿ ತಾನಾಗೇ ನಿಲ್ಲೋದೂ ಇದೆ. ಮೋಸೆಲ್‌ನ ಕಾಬಿನೆಟ್ ಅನ್ನೋ ಹಗುರ ವೈನ್‌ಗಳಲ್ಲಿ ಆಲ್ಕೋಹಾಲ್ 8 ಪರ್ಸೆಂಟ್ ಸುತ್ತಮುತ್ತ ಇರೋದು ಅದಕ್ಕೇ, ಆಲ್ಕೋಹಾಲ್ ಆಗ್ಬೇಕಿದ್ದ ಸಕ್ಕರೆ ಒಳಗೇ ಉಳಿದಿರತ್ತೆ.

ಕಲ್ಲಿನ ಬಗ್ಗೆನೂ ಕೇಳಿ, ಆದ್ರೆ ಸ್ವಲ್ಪ ಎಚ್ಚರದಿಂದ. ಮೋಸೆಲ್‌ನಲ್ಲಿ ನೀಲಿ ಸ್ಲೇಟ್, ಕೆಂಪು ಸ್ಲೇಟ್ ಅಂತ ತಯಾರಕರು ಕಲ್ಲಿನ ಚೂರು ತಂದು ಟೇಬಲ್ ಮೇಲಿಟ್ಟಿರ್ತಾರೆ. ಬೇರು ಸ್ಲೇಟಿನ ರುಚಿಯನ್ನ ಹೀರಿ ಹಣ್ಣಿಗೆ ಕಳಿಸತ್ತೆ ಅನ್ನೋದನ್ನ ವಿಜ್ಞಾನ ಒಪ್ಪಲ್ಲ. ಆ ಕಲ್ಲು ಹಗಲು ಕಾದು ರಾತ್ರಿ ಬೆಚ್ಚಗಿರತ್ತೆ, ನೀರು ನಿಲ್ಲೋಕೆ ಬಿಡಲ್ಲ, ಅಷ್ಟು ಉತ್ತರದ ಚಳಿ ಪ್ರದೇಶದಲ್ಲಿ ಹಣ್ಣು ಮಾಗೋದಕ್ಕೆ ಅದು ದೊಡ್ಡ ಸಹಾಯ. ಬ್ರೆಮ್ಮರ್ ಕಾಲ್ಮಾಂಟ್ ಅನ್ನೋ ತೋಟದ ಕೆಲವು ಕಡೆ ಇಳಿಜಾರು 60 ಡಿಗ್ರಿ ದಾಟತ್ತೆ, ಅಲ್ಲಿ ಯಂತ್ರ ಓಡಲ್ಲ, ಮನುಷ್ಯನೇ ಹತ್ತಬೇಕು. ಅಲ್ಲಿಂದ ಬಂದವ್ರು ಸಿಕ್ರೆ ಒಂದು ಬಾಟಲಿ ಹಿಂದೆ ಎಷ್ಟು ಸಲ ಆ ಗುಡ್ಡ ಹತ್ತಿ ಇಳೀತಾರೆ ಅಂತ ಕೇಳಿ.

ಕೊನೇದಾಗಿ ಬಿಸಿಲು. 2019ರ ಫಸಲಿನಲ್ಲಿ ಜರ್ಮನಿಯ 13 ವೈನ್ ಪ್ರದೇಶಗಳಲ್ಲಿ ಒಂದು ಕಡೆನೂ ಐಸ್‌ವೈನ್ ಆಗ್ಲಿಲ್ಲ. ಅದಕ್ಕೆ ಬಳ್ಳಿಯ ಮೇಲೇ ಹಣ್ಣು ಹೆಪ್ಪುಗಟ್ಬೇಕು, ಕನಿಷ್ಠ ಮೈನಸ್ 7 ಡಿಗ್ರಿ ಬೇಕು, ಆ ಚಳಿ ಬರ್ಲೇ ಇಲ್ಲ. ಇನ್ನೊಂದು ಕಡೆ ಹಿಂದೆ ಹತ್ತು ವರ್ಷಕ್ಕೆ ಎರಡು ಮೂರು ಸಲ ಮಾತ್ರ ಚೆನ್ನಾಗಿ ಮಾಗ್ತಿದ್ದ ತೋಟಗಳು ಈಗ ಹೆಚ್ಚುಕಮ್ಮಿ ಪ್ರತಿ ವರ್ಷ ಮಾಗ್ತಿವೆ, ಅಲ್ಲಿ ಡ್ರೈ ವೈನ್ ಇಷ್ಟು ಚೆನ್ನಾಗಿ ಬರ್ತಿರೋದಕ್ಕೆ ಅದೂ ಒಂದು ಕಾರಣ. ಈ ಪ್ರಶ್ನೆ ಕೇಳಿ ಸುಮ್ನೆ ನಿಂತ್ಕೊಳ್ಳಿ, ಆಸ್ಟ್ರೇಲಿಯಾದವ್ರು ಜರ್ಮನಿಯವ್ರಿಗೆ ಬಿಸಿಲಿನ ಪಾಠ ಹೇಳೋದು ಕೇಳೋಕೆ ಸಿಕ್ಕಿದ್ರೆ ನಿಮ್ಮ ಪುಣ್ಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2007ರಲ್ಲಿ ಶುರುವಾದ ರೀಸ್ಲಿಂಗ್ ರಾಂಡೆವೂ ಸಮಾವೇಶವನ್ನ ಅಲ್ಲಿನ ಶಾಟೋ ಸೇಂಟ್ ಮಿಶೆಲ್ ಮತ್ತೆ ಮೋಸೆಲ್‌ನ ಡಾಕ್ಟರ್ ಲೋಸನ್ ಸೇರಿ ನಡೆಸಿದ್ರು, ಈ ಎರಡು ವೈನರಿಗಳು 1999ರಿಂದಾನೇ ಎರೋಯಿಕಾ ಅನ್ನೋ ರೀಸ್ಲಿಂಗ್ ಒಟ್ಟಿಗೆ ಮಾಡ್ತಿದ್ವು. ಬೇರೆ ಬೇರೆ ನೆಲದವ್ರು ಒಬ್ಬರಿಂದ ಒಬ್ಬರು ಕಲಿಯೋದು ಇಂಥ ಕಡೆ ಬರೀ ಭಾಷಣದ ಮಾತಾಗಿ ಉಳಿಯಲ್ಲ.

ನೆಲಮಾಳಿಗೆ:

ಬ್ಲೈಂಡ್ ಟೇಸ್ಟಿಂಗ್‌ಗೆ ಒಂದು ಸುಳಿವು. ಮೊದಲು ಆಲ್ಕೋಹಾಲ್ ಎಷ್ಟಿರ್ಬಹುದು ಅಂತ ಗಂಟಲಲ್ಲಿ ಅಂದಾಜು ಮಾಡಿ. ತೀರಾ ಹಗುರ, ಜೊತೆಗೆ ಸಿಹಿ ಇದ್ರೆ ಮೋಸೆಲ್ ಕಡೆ ಯೋಚ್ನೆ ಮಾಡಿ. ನಿಂಬೆಯ ಘಮ ಗಟ್ಟಿಯಾಗಿ, ಒಂದಿಷ್ಟೂ ಸಕ್ಕರೆ ಇಲ್ದೆ ನೇರ ಗೆರೆ ಎಳೆದ ಹಾಗಿದ್ರೆ ಕ್ಲೇರ್ ಅಥವಾ ಅದೇ ಆಸ್ಟ್ರೇಲಿಯಾದ ಈಡನ್ ವ್ಯಾಲಿ. ಮೈತುಂಬಿಕೊಂಡು ಡ್ರೈ ಇದ್ರೆ ಅಲ್ಸಾಸ್, ಇಲ್ಲಾ ಆಸ್ಟ್ರಿಯಾದ ವಾಖಾವ್. ತಪ್ಪಾದ್ರೆ ಏನೂ ಪರವಾಗಿಲ್ಲ, ಯಾಕೆ ತಪ್ಪಾಯ್ತು ಅಂತ ಬರ್ಕೊಳ್ಳಿ.

ಹೊಸಗ್ಲಾಸು:

ಹೋಗಿ ಬಂದೆ! ಒಂದು ವಾರ ಆಯ್ತು, ಬರೆಯೋಕೆ ಕೂತ್ರೆ ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ.

ಮೊದಲ ದಿನ ಮೂವತ್ತಾರಕ್ಕೆ ನಿಲ್ಲಿಸಿದೆ. ಬಳ್ಳಿಸಾಲು ಸರ್ ಹೇಳಿದ ಹಾಗೆ ಎರಡು ಸುತ್ತು, ಪ್ರತಿ ವೈನ್‌ಗೂ ಮೊದಲು ಊಹೆ, ಆಮೇಲೆ ಹಾಳೆ. ಮೊದಲ ಹತ್ತರಲ್ಲಿ ಸಕ್ಕರೆ ಅಂದಾಜು ಎಲ್ಲಾ ತಪ್ಪು, ಯಾವಾಗ್ಲೂ ಕಮ್ಮಿ ಹೇಳ್ತಿದ್ದೆ. 4 ಗ್ರಾಂ ಅಂದ್ಕೊಂಡಿದ್ದು 12 ಇರ್ತಿತ್ತು. ಇಪ್ಪತ್ತೈದು ದಾಟಿದ್ಮೇಲೆ ಏನೋ ಬದಲಾಯ್ತು, ಸಿಹಿಯನ್ನ ಹುಡುಕೋದು ಬಿಟ್ಟು ಬಾಯಲ್ಲಿ ನೀರು ಎಷ್ಟು ಬೇಗ ಊರತ್ತೆ ಅಂತ ಗಮನಿಸೋಕೆ ಶುರು ಮಾಡಿದೆ. ನಾಲಿಗೆಯ ಎರಡು ಪಕ್ಕ ನೀರು ಚಿಮ್ಮಿದ್ರೆ ಹುಳಿ ಜಾಸ್ತಿ ಇದೆ, ಹಾಗಿದ್ರೂ ಬಾಯಿ ಮುದುಡ್ತಿಲ್ಲ ಅಂದ್ರೆ ಒಳಗೆಲ್ಲೋ ಸಕ್ಕರೆ ಅದನ್ನ ಹಿಡ್ಕೊಂಡಿದೆ. ಹೀಗೆ ನೋಡಿದ್ಮೇಲೆ ಊಹೆ ಹತ್ರ ಹತ್ರ ಬರೋಕೆ ಶುರುವಾಯ್ತು.

ಬ್ಲೈಂಡ್ ಟೇಸ್ಟಿಂಗ್‌ನಲ್ಲಿ ಹದಿನೆಂಟು ಗ್ಲಾಸು, ಎಲ್ಲಾ ಡ್ರೈ. ಹಾಲ್ ಪೂರ್ತಿ ಸದ್ದಿಲ್ಲ, ಉಗಿಯೋ ಶಬ್ದ ಬಿಟ್ರೆ. ಹದಿನೆಂಟರಲ್ಲಿ ಐದು ಸರಿ ಹೇಳಿದೆ. ಏಳನೇದನ್ನ ಕ್ಲೇರ್ ವ್ಯಾಲಿ ಅಂತ ಗಟ್ಟಿಯಾಗಿ ನಂಬಿದ್ದೆ, ನಿಂಬೆ, ನೇರ ಗೆರೆ, ನೆಲಮಾಳಿಗೆ ಅವ್ರು ಹೇಳಿದ ಲಕ್ಷಣ ಎಲ್ಲಾ ಇತ್ತು, ನೋಡಿದ್ರೆ ಅದು ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್‌ದು. ಆಮೇಲೆ ಅವ್ರ ಟೇಬಲ್‌ಗೆ ಹೋಗಿ ಅರ್ಧ ಗಂಟೆ ನಿಂತೆ. ಸೆನೆಕಾ ಥರದ ಸರೋವರಗಳು ತುಂಬಾ ಆಳ ಇರೋದ್ರಿಂದ ಚಳಿಗಾಲದಲ್ಲಿ ಪೂರ್ತಿ ಹೆಪ್ಪುಗಟ್ಟಲ್ಲ, ಆ ನೀರಿನ ಬಿಸಿ ದಡದ ಬಳ್ಳಿಗಳನ್ನ ಕಾಪಾಡತ್ತೆ, ಇಲ್ದಿದ್ರೆ ಅಲ್ಲಿನ ಚಳಿಗೆ ಬಳ್ಳಿ ಸತ್ತೇ ಹೋಗತ್ತೆ ಅಂತ ಅಲ್ಲಿನ ತೋಟದವ್ರೊಬ್ರು ಕೈಯಲ್ಲಿ ಸರೋವರದ ಆಕಾರ ಮಾಡಿ ತೋರಿಸಿದ್ರು. ಯೂರೋಪಿನ ದ್ರಾಕ್ಷಿ ಅಲ್ಲಿ ಬದುಕಲ್ಲ ಅಂತ ಎಲ್ರೂ ಹೇಳ್ತಿದ್ದ ಕಾಲದಲ್ಲಿ ಉಕ್ರೇನ್‌ನಿಂದ ಬಂದ ಕಾನ್‌ಸ್ಟಾಂಟಿನ್ ಫ್ರಾಂಕ್ ಅನ್ನೋರು ಹಟ ಹಿಡಿದು ಚಳಿ ತಡೆಯೋ ಬೇರಿಗೆ ಕಸಿ ಕಟ್ಟಿ ಬೆಳೆದು ತೋರಿಸಿದ್ರು, 1962ರಲ್ಲಿ ಸ್ವಂತ ವೈನರಿ ತೆರೆದ್ರು. ಇದನ್ನ ಹೇಳೋವಾಗ ಅವ್ರ ಧ್ವನೀಲಿದ್ದ ಗೌರವ ನಂಗೆ ಮರೆಯೋಕಾಗಲ್ಲ.

ಇಳಿಜಾರು ಸರ್, ನಿಮ್ಮ ಪ್ರಶ್ನೆಗಳಿಗೆ ತುಂಬಾ ಋಣಿ. "ಯಾವತ್ತು ಕೊಯ್ದ್ರಿ" ಅಂತ ಕೇಳಿದ್ದೇ ತಡ, ಮೋಸೆಲ್‌ನ ವಯಸ್ಸಾದ ತಯಾರಕಿಯೊಬ್ರು ಗ್ಲಾಸ್ ಕೆಳಗಿಟ್ಟು ಇಡೀ ಅಕ್ಟೋಬರ್ ತಿಂಗಳ ಕಥೆ ಹೇಳಿದ್ರು, ಯಾವ ದಿನ ಮಂಜು, ಯಾವ ದಿನ ಮಳೆ, ಮಗ ಕೊಯ್ಯೋಣ ಅಂದಿದ್ದು, ತಾವು ನಾಲ್ಕು ದಿನ ತಡೀರಿ ಅಂದಿದ್ದು, ಆ ನಾಲ್ಕೂ ರಾತ್ರಿ ನಿದ್ದೆ ಬರದೆ ಕಿಟಕಿ ಹತ್ರ ಕೂತಿದ್ದು. ಆಮೇಲೆ ಅದೇ ವೈನ್ ಸುರಿದು ಕೊಟ್ರು. ಆ ಗುಟುಕಲ್ಲಿ ಏನಿತ್ತು ಅಂತ ನನ್ನ ಪುಸ್ತಕದಲ್ಲಿ ಹಣ್ಣಿನ ಹೆಸರೇ ಇಲ್ಲ, "ನಾಲ್ಕು ದಿನ" ಅಂತಷ್ಟೇ ಬರೆದಿದ್ದೀನಿ.

ಆದ್ರೆ ನಂಗೆ ಬೇಕಿದ್ದ ಉತ್ತರ ಸಿಕ್ಕಿದ್ದು ಮೂರನೇ ದಿನ. ಮೂವತ್ತು ವರ್ಷ ದಾಟಿದ ಒಂದು ಸ್ಪೇಟ್‌ಲೇಸೆ ಕೊಟ್ರು. ಬಣ್ಣ ಹಳದಿ ತಿರುಗಿ ಬಂಗಾರದ ಥರ, ಮೂಗಿಗೆ ಜೇನು, ಸಣ್ಣಗೆ ಸೀಮೆಎಣ್ಣೆ, ಬಾಯಿಗೆ ಹಾಕಿದ್ರೆ ಹೆಚ್ಚುಕಮ್ಮಿ ಡ್ರೈ. ನಾನು 15 ಗ್ರಾಂ ಅಂತ ಬರೆದೆ. ಹಾಳೇಲಿ 60ರ ಮೇಲಿತ್ತು. ಬಾಟಲಿಗೆ ಹಾಕೋವಾಗ ಇದ್ದ ಸಕ್ಕರೆ ಅಷ್ಟೂ ಒಳಗೇ ಇದೆ, ಎಲ್ಲೂ ಹೋಗಿಲ್ಲ, ಆದ್ರೆ ವರ್ಷ ಕಳೆದ ಹಾಗೆ ನಾಲಿಗೆಗೆ ಸಿಹಿ ಕಮ್ಮಿ ಆಗ್ತಾ ಬರತ್ತೆ ಅಂತ ವಿವರಿಸಿದ್ರು. ನಾಲ್ಕು ವರ್ಷದಿಂದ ಟೇಬಲ್ ಹತ್ರ ನಿಂತು "ಸಿಹಿ ಬೇಕಾ ಡ್ರೈ ಬೇಕಾ" ಅಂತ ಕೇಳ್ತಾ ಬಂದಿದ್ದೀನಿ, ಆ ಪ್ರಶ್ನೆಯನ್ನೇ ಕೇಳ್ಬಾರ್ದಿತ್ತು ಅಂತ ಆ ಕ್ಷಣಕ್ಕೆ ಅನ್ನಿಸ್ತು.

ತಿರುಪುಮುಚ್ಚಳ:

ಓದಿ ತುಂಬಾ ಖುಷಿ ಆಯ್ತು. ಆ ಹಳೇ ವೈನ್ ವಿಷಯ ಎಲ್ರೂ ಒಂದು ಸಲ ಅನುಭವಿಸ್ಬೇಕು, ಲ್ಯಾಬ್‌ನಲ್ಲಿ ಅಳೆದ್ರೆ ಸಕ್ಕರೆ ಹಾಗೇ ಕಾಣ್ಸತ್ತೆ, ಬಾಯಿ ಮಾತ್ರ ಬೇರೆ ಹೇಳತ್ತೆ. ಹಾಗಿದ್ರೆ ಈಗ ಟೇಬಲ್ ಹತ್ರ ಏನು ಕೇಳ್ತೀರ? ಬ್ಲೈಂಡ್ ಟೇಸ್ಟಿಂಗ್‌ನಲ್ಲಿ ವೈನ್ ಎಷ್ಟು ತಂಪಿತ್ತು ಅಂತಾನೂ ಹೇಳಿ, ನಮ್ಮಲ್ಲಿ ಅದ್ರ ಮೇಲೆ ಯಾವಾಗ್ಲೂ ವಾದ.

ಹೊಸಗ್ಲಾಸು:

10 ಡಿಗ್ರಿ ಸುತ್ತಮುತ್ತ ಇಟ್ಟಿದ್ರು. ಅದಕ್ಕಿಂತ ತಣ್ಣಗಿದ್ರೆ ವಾಸನೆ ಮೇಲೇಳಲ್ಲ, ಹುಳಿ ಮಾತ್ರ ಎದ್ದು ಕಾಣ್ಸತ್ತೆ. ನಾವು ಇಷ್ಟು ದಿನ ಫ್ರಿಜ್‌ನಿಂದ ತೆಗೆದ ಹಾಗೇ ಸುರಿದು ಕೊಡ್ತಿದ್ವಿ, ಬಂದ ಮಾರನೇ ದಿನವೇ ಅದನ್ನ ನಿಲ್ಲಿಸ್ದೆ.

ಟೇಬಲ್ ಹತ್ರ ಈಗ ಏನೂ ಕೇಳಲ್ಲ. ಮೀಡಿಯಂ ಡ್ರೈ ಇರೋ ಒಂದು ರೀಸ್ಲಿಂಗ್‌ನ ಎರಡು ಗುಟುಕಿನಷ್ಟು ಸುರಿದು, ಸಕ್ಕರೆ ಬಗ್ಗೆ ಒಂದು ಮಾತೂ ಆಡದೆ, "ಬಾಯಲ್ಲಿ ನೀರು ಬರ್ತಿದ್ಯಾ ನೋಡಿ" ಅಂತ ಮಾತ್ರ ಹೇಳ್ತೀನಿ. ನಿನ್ನೆ ರಾತ್ರಿ ಸಿಹಿ ವೈನ್ ಬೇಡವೇ ಬೇಡ ಅಂತ ಮೊದಲೇ ಹೇಳಿದ್ದ ಒಬ್ರು ಅದನ್ನ ಕುಡಿದು "ಹೂಂ, ಇದು ಸರಿ, ಒಳ್ಳೆ ಡ್ರೈ ಇದೆ, ಬಾಟಲಿ ತನ್ನಿ" ಅಂದ್ರು. ಅದ್ರಲ್ಲಿ ಲೀಟರಿಗೆ 14 ಗ್ರಾಂ ಇತ್ತು. ಕೇಳಿದ್ಮೇಲೆ ಹಾಳೆ ತಂದು ತೋರಿಸಿದೆ, ಸಕ್ಕರೆ, ಹುಳಿ, ಪಿಹೆಚ್ ಮೂರನ್ನೂ ಬೆರಳಿಟ್ಟು ಓದಿದ್ರು, ಆಮೇಲೆ ಇನ್ನೊಂದು ಗುಟುಕು ಕುಡಿದು ಕಣ್ಣು ಮುಚ್ಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ರು.